ಫ್ರಾಂಕ್ಲಿನ್ ಉಯಿಲೂ ಸುರೇಶನ ಎಸ್‌ಐಪಿಯೂ

(ಹೈಸ್ಕೂಲ್ ಗೆಳೆಯರ ಗುಂಪು, ಭಾನುವಾರ ಬೆಳಗ್ಗೆ)

ಸುರೇಶ: ಅಮೆರಿಕದ ಮಾಜಿ ಅಧ್ಯಕ್ಷ ಬೆಂಜಮಿನ್ ಫ್ರಾಂಕ್ಲಿನ್ 1790ರಲ್ಲಿ ತೀರಿಕೊಂಡಾಗ ಬಾಸ್ಟನ್ ನಗರಕ್ಕೆ ಬಿಟ್ಟಿದ್ದು 1000 ಪೌಂಡ್. ಯಾರೂ ಮುಟ್ಟಲಿಲ್ಲ. 200 ವರ್ಷದಲ್ಲಿ ಸುಮಾರು 50 ಲಕ್ಷ ಡಾಲರ್!! ಚಕ್ರಬಡ್ಡಿಯ ಮಹಿಮೆ. ಇಂದೇ ಹೂಡಿಕೆ ಶುರು ಮಾಡಿ 🙏

ನಾಗ: ಕಾಫಿ ಕುಡಿಯೋಕೂ ಬಿಡಲ್ಲ ಇವನು.

ಮಂಜುಳಾ: ಆತ ಅಮೆರಿಕದ ಅಧ್ಯಕ್ಷ ಆಗಿರಲೇ ಇಲ್ಲ ಮಾರಾಯ.

ಸುರೇಶ: 100 ಡಾಲರ್ ನೋಟಲ್ಲಿ ಮುಖ ಇದೆಯಲ್ಲೇ?

ಮಂಜುಳಾ: 10 ಡಾಲರ್ ನೋಟಿನ ಹ್ಯಾಮಿಲ್ಟನ್ನೂ ಅಧ್ಯಕ್ಷ ಆಗಿರ್ಲಿಲ್ಲ. ಫ್ರಾಂಕ್ಲಿನ್ ಅಧ್ಯಕ್ಷ ಆಗಿದ್ದು ಪೆನ್ಸಿಲ್ವೇನಿಯಾ ರಾಜ್ಯಕ್ಕೆ, 1785ರಿಂದ 3 ವರ್ಷ. ಆ ಸಂಬಳದ್ದೇ ಈ ದುಡ್ಡು. ಪ್ರಜಾಪ್ರಭುತ್ವದಲ್ಲಿ ಹುದ್ದೆಯಿಂದ ದುಡ್ಡು ಮಾಡ್ಕೋಬಾರ್ದು ಅನ್ನೋದು ಅವನ ಹಟ.

ಸುರೇಶ: ಅಧ್ಯಕ್ಷ ಹೌದು ಅಂತಾಯ್ತು 😎

ಮಂಜುಳಾ: 'ಯಾರೂ ಮುಟ್ಟಲಿಲ್ಲ' ಅನ್ನೋದು ಇನ್ನೂ ದೊಡ್ಡ ಸುಳ್ಳು. ಮುಟ್ಟಲಿ ಅಂತಲೇ ಇಟ್ಟಿದ್ದು! ಕಸುಬು ಕಲಿತು ಮದುವೆಯಾದ, 25 ತುಂಬದ ಹುಡುಗರಿಗೆ 5 ಪರ್ಸೆಂಟ್ ಬಡ್ಡಿಗೆ ಸಾಲ. ಇಬ್ಬರ ಜಾಮೀನು, 10 ವರ್ಷದಲ್ಲಿ ತೀರಿಸಬೇಕು. ಅವನಿಗೂ ಹುಡುಗನಾಗಿದ್ದಾಗ ಪ್ರೆಸ್ ಹಾಕೋಕೆ ಇಬ್ಬರು ಗೆಳೆಯರು ಸಾಲ ಕೊಟ್ಟಿದ್ರು. ಅದನ್ನ ನೆನೆಸಿಕೊಂಡೇ ಬರೆದಿದ್ದಾನೆ.

ರಘು: ಬ್ಯಾಂಕಿನವನಾಗಿ ಒಂದು ಮಾತು. 100 ವರ್ಷಕ್ಕೆ 1.31 ಲಕ್ಷ ಪೌಂಡ್, ಅದರಲ್ಲಿ 1 ಲಕ್ಷ ಊರಿನ ಕೆಲಸಕ್ಕೆ ತೆಗೆದರೂ 200ಕ್ಕೆ 40 ಲಕ್ಷ ಪೌಂಡ್ ದಾಟುತ್ತೆ ಅಂತ ಅವನ ಲೆಕ್ಕ. ಬಂದಿದ್ದು 50 ಲಕ್ಷ ಡಾಲರ್. ಪೌಂಡ್ ಅಲ್ಲ, ಡಾಲರ್! ಉಯಿಲಿನಲ್ಲಿ ಬಾಸ್ಟನ್ ಹಾಗೇ 1000 ಪೌಂಡ್ ಪಡೆದ ಫಿಲಡೆಲ್ಫಿಯಾ ನಗರಕ್ಕೆ ಅದರ ಅರ್ಧವೂ ಬರಲಿಲ್ಲ. ಸಾಲ ಅಂದಮೇಲೆ ಮುಳುಗೋದೂ ಇರುತ್ತೆ.

ಸುರೇಶ: ದೊಡ್ಡ ಮನುಷ್ಯನ ಬಗ್ಗೆ ಒಂದು ಒಳ್ಳೇ ಮಾತು ಹಾಕೋ ಹಾಗಿಲ್ವಾ ಇಲ್ಲಿ? ಸಿಡಿಲು ತಡೆಯೋ ಸಲಾಕೆಗೆ ಪೇಟೆಂಟೂ ತಗೊಳ್ಳದ ಪುಣ್ಯಾತ್ಮ ಕಣೇ.

ಮಂಜುಳಾ: ಆ ಪುಣ್ಯಾತ್ಮನ ಮನೇಲಿ ಗುಲಾಮರಿದ್ರು. ಅವನ ಪತ್ರಿಕೇಲಿ ಗುಲಾಮರ ಮಾರಾಟದ ಜಾಹೀರಾತು ಬರ್ತಿತ್ತು.

ನಾಗ: ಅಯ್ಯೋ. ಇದು ಫಾರ್ವರ್ಡಲ್ಲಿ ಇರ್ಲಿಲ್ಲ.

ಮಂಜುಳಾ: ಉಯಿಲಿನಲ್ಲಿ ನನಗೆ ಮುಖ್ಯ ಅನ್ಸೋದು ಬೇರೆ ಸಾಲು. ಅಳಿಯನ ಸಾಲ ಮನ್ನಾ ಮಾಡಿ, ಅದಕ್ಕೆ ಪ್ರತಿಯಾಗಿ ನಿನ್ನ ಗುಲಾಮ ಬಾಬ್‌ನನ್ನ ಬಿಟ್ಟುಬಿಡು ಅಂತ ಕೇಳ್ಕೊಂಡಿದ್ದಾನೆ. ಗುಲಾಮಗಿರಿ ವಿರುದ್ಧ ಕಾಂಗ್ರೆಸ್ಸಿಗೆ, ಅಂದ್ರೆ ಅಮೆರಿಕದ ಸಂಸತ್ತಿಗೆ, ಹೋದ ಅರ್ಜಿಗೆ ಸಹಿ ಹಾಕಿದ್ದು 1790ರ ಫೆಬ್ರವರಿ. ಏಪ್ರಿಲಲ್ಲಿ ಸತ್ತ.

ನಾಗ: 84ಕ್ಕೆ ಬುದ್ಧಿ ಬಂತು ಅನ್ನು.

ಮಂಜುಳಾ: ಬಂತಲ್ಲ. ಅವನ ಜತೆಯ ಎಷ್ಟೋ ಜನಕ್ಕೆ ಸತ್ತರೂ ಬರಲಿಲ್ಲ.

(ಸುರೇಶ ಈ ಸಂದೇಶ ಅಳಿಸಿದ್ದಾರೆ)

ರಘು: ಓಡಿಹೋದ್ನಾ?

ಸುರೇಶ: ಪೆನ್ಸಿಲ್ವೇನಿಯಾದ ಮಾಜಿ ಅಧ್ಯಕ್ಷ ಬೆಂಜಮಿನ್ ಫ್ರಾಂಕ್ಲಿನ್ 1790ರಲ್ಲಿ ತೀರಿಕೊಂಡಾಗ... ಇಂದೇ ಹೂಡಿಕೆ ಶುರು ಮಾಡಿ 🙏