ಪಿಸಿಯಲ್ಲಿ ನೋಡಿದ್ರೆ ಡೇಟಾ ಉಂಟು, ಕಂಟೇನರ್ ಒಳಗೆ ಖಾಲಿ! ಎಂತ ಮಾಡುವುದು?

ಐಸ್‌ಪ್ಲಾಂಟ್ ಲೆಕ್ಕದವ:
ಮಲ್ಪೆ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನ ಬಿಲ್ಲಿಂಗ್ ನೋಡಿಕೊಳ್ಳುವವ ನಾನು. ಆಫೀಸಿನ ಮೂಲೆಯಲ್ಲಿ ಸಣ್ಣ ಪಿಸಿ, ಉಬುಂಟು, ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವುದು) ಪೋಸ್ಟ್‌ಗ್ರೆಸ್ 16 ಡೇಟಾಬೇಸ್. ಡೇಟಾ ಇರುವುದು ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ, ಕಂಪೋಸ್ ಫೈಲಿನಲ್ಲಿ (ಡಾಕರಿನ ಸೆಟ್ಟಿಂಗ್ ಫೈಲ್) ಬೈಂಡ್ ಮೌಂಟ್ ಮಾಡಿದ್ದೇನೆ, ಅಂದ್ರೆ ಡಿಸ್ಕಿನ ಫೋಲ್ಡರೇ ಕಂಟೇನರ್ ಒಳಗೆ ಕಾಣುವ ಹಾಗೆ. ಜೂನ್, ಜುಲೈ ಬೋಟು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆಗ ಎಂತದೂ ತೊಂದರೆ ಇರಲಿಲ್ಲ. ಆಗಸ್ಟ್ 3ರ ರಾತ್ರಿ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು.

ಬೆಳಗಿನ ಜಾವ ಐಸ್ ತುಂಬಿಸಲು ಬಂದ ಬೋಟಿನವರು ರಸೀದಿ ನೋಡಿ "ಎಂತ ಮಾರಾಯ, ನಂಬರ್ ಒಂದಾ?" ಅಂತ ಕೇಳಿದ್ರಂತೆ. ಕೌಂಟರಿನ ಹುಡುಗ ತಲೆ ಕೆಡಿಸಿಕೊಳ್ಳದೆ 31 ಬಿಲ್ ಹಾಕಿದ್ದಾನೆ. ಟೇಬಲ್ ಇಲ್ಲದಿದ್ರೆ ಆ್ಯಪ್ ತಾನೇ ಮಾಡಿಕೊಳ್ತದೆ (ನಾನೇ ಬರೆದದ್ದು, ಆಗ ಭಾರೀ ಬುದ್ಧಿವಂತಿಕೆ ಅನ್ನಿಸಿತ್ತು). ಮೂರು ವರ್ಷದ ಬಾಕಿ ಲೆಕ್ಕ ಒಂದೂ ಕಾಣುವುದಿಲ್ಲ. ಆದ್ರೆ ಪಿಸಿಯಲ್ಲಿ ಆ ಫೋಲ್ಡರ್ ಅಳೆದರೆ 2 ಜಿಬಿ, ಕಂಟೇನರ್ ಒಳಗೆ ಹೋಗಿ ಅಳೆದರೆ 40 ಎಂಬಿ ಚಿಲ್ಲರೆ!

ಮಣಿಪಾಲ ನೈಟ್‌ಶಿಫ್ಟ್:
ಪರ್ಮಿಷನ್ ನೋಡಿ. ಡೆಬಿಯನ್ ಇಮೇಜಿನಲ್ಲಿ (ಕಂಟೇನರಿನ ಅಚ್ಚು) ಪೋಸ್ಟ್‌ಗ್ರೆಸ್ ಯೂಸರ್ ಐಡಿ 999, ಆಲ್ಪೈನ್‌ನಲ್ಲಿ 70. ಇಮೇಜ್ ಬದಲಿಸಿದ್ರಾ?

ಐಸ್‌ಪ್ಲಾಂಟ್ ಲೆಕ್ಕದವ:
ಇಲ್ಲ ಸರ್. ಪರ್ಮಿಷನ್ ತಪ್ಪಿದ್ರೆ ಡೇಟಾಬೇಸ್ ಏಳುವುದೇ ಇಲ್ಲವಲ್ಲ. ಇದು ಆರಾಮಾಗಿ ಎದ್ದು ಬಿಲ್ ಹಾಕಿದೆ, ಅದೇ ಹೊಟ್ಟೆಉರಿ. ಕಂಟೇನರ್ ಅಳಿಸಿ ಮತ್ತೆ ಹಾಕ್ಲಾ?

ಕೊಟ್ಟಾರದವ:
ಅಳಿಸ್ಬೇಡಿ ಮಾರಾಯ್ರೆ, ರೀಸ್ಟಾರ್ಟೂ ಬೇಡ. ಮೊದಲು ಕಂಟೇನರ್ ಒಳಗಿಂದ ಪಿಜಿ ಡಂಪ್ (ಡೇಟಾಬೇಸಿನ ನಕಲು) ತೆಗೆದಿಡಿ, ಆ 31 ಬಿಲ್ ಇರುವುದು ಅಲ್ಲಿ ಮಾತ್ರ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ) ಡಿಸ್ಕಿನ ಸಾಲಿಗೆ ನೋಫೇಲ್ ಹಾಕಿದ್ದೀರಾ?

ಐಸ್‌ಪ್ಲಾಂಟ್ ಲೆಕ್ಕದವ:
ಹೌದು. ಇಲ್ಲಿಯ ಉಪ್ಪು ಗಾಳಿಗೆ ಯುಎಸ್‌ಬಿ ಪೋರ್ಟ್ ತುಕ್ಕು ಹಿಡಿದಿದೆ. ಕೆಲವೊಮ್ಮೆ ಡಿಸ್ಕ್ ಸಿಗದೆ ಪಿಸಿ ಬೂಟೇ ಆಗ್ತಿರ್ಲಿಲ್ಲ, ಅದಕ್ಕೆ ಹಾಕಿದ್ದು.

ಕೊಟ್ಟಾರದವ:
ಹಾಗಾದ್ರೆ ಕತೆ ಇಷ್ಟೇ. ನೋಫೇಲ್ ಇದ್ರೆ ಬೂಟ್ ಡಿಸ್ಕಿಗೆ ಕಾಯುವುದಿಲ್ಲ. ಡಿಸ್ಕಿಗಿಂತ ಮೊದಲು ಡಾಕರ್ ಎದ್ದಿದೆ. ಕಂಪೋಸಿನಲ್ಲಿ ನೀವು ಕೋಲನ್ ಹಾಕಿ ಒಂದೇ ಸಾಲಲ್ಲಿ ಬರೆದಿರಬೇಕು. ಹಾಗೆ ಬರೆದರೆ ಫೋಲ್ಡರ್ ಇಲ್ಲ ಅಂತ ಡಾಕರ್ ತಕರಾರು ಮಾಡುವುದಿಲ್ಲ, ಒಳಗಿನ ಎಸ್‌ಎಸ್‌ಡಿಯಲ್ಲೇ ಖಾಲಿ ಫೋಲ್ಡರ್ ಮಾಡಿಕೊಡ್ತದೆ. ಪೋಸ್ಟ್‌ಗ್ರೆಸ್ ಅದರಲ್ಲಿ ಹೊಸ ಕ್ಲಸ್ಟರ್ (ಖಾಲಿ ಡೇಟಾಬೇಸ್) ಕಟ್ಟಿಕೊಂಡಿದೆ. ಆಮೇಲೆ ಡಿಸ್ಕ್ ಬಂದು ಅದೇ ಜಾಗದ ಮೇಲೆ ಮೌಂಟ್ ಆಯ್ತು. ನಿಮಗೆ ಕಾಣುವುದು ಮೇಲಿನದ್ದು, ಕಂಟೇನರ್ ಹಿಡಿದುಕೊಂಡದ್ದು ಅಡಿಯದ್ದು.

ಡಂಪ್ ಆದ ಮೇಲೆ ಕಂಟೇನರ್ ನಿಲ್ಲಿಸಿ, ಡಿಸ್ಕ್ ಮೌಂಟ್ ಆಗಿದೆ ಅಂತ ಖಾತ್ರಿ ಮಾಡಿ, ಶುರು ಮಾಡಿ. ಲಾಗಿನಲ್ಲಿ ರಿಕವರಿ ಅಂತ ಬಂದ್ರೆ ಹೆದರ್ಬೇಡಿ, ಕರೆಂಟ್ ಹೋದಾಗ ಅರ್ಧಕ್ಕೆ ನಿಂತದ್ದನ್ನು ಸರಿ ಮಾಡಿಕೊಳ್ಳುವುದು ಅಷ್ಟೆ. 31 ಬಿಲ್ಲಿನ ಡಂಪನ್ನು ಹಾಗೇ ಸುರಿಯಬೇಡಿ, ಹಳೇ 1ರಿಂದ 31ಕ್ಕೆ ಡಿಕ್ಕಿ ಹೊಡೀತದೆ.

ಮುಂದಕ್ಕೆ ಡಾಕರ್ ಸರ್ವಿಸಿನ ಯೂನಿಟ್ ಭಾಗದಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಅಂತ ಡಿಸ್ಕಿನ ಪಾತ್ ಕೊಡಿ. ಡಿಸ್ಕ್ ಇಲ್ಲದಿದ್ರೆ ಡಾಕರೇ ಏಳುವುದಿಲ್ಲ, ಹುಡುಗ ನಿಮಗೆ ಫೋನ್ ಮಾಡ್ತಾನೆ.

ಮಣಿಪಾಲ ನೈಟ್‌ಶಿಫ್ಟ್:
ಜೊತೆಗೆ ಕಂಪೋಸಿನಲ್ಲಿ ಬೈಂಡನ್ನು ಬಿಡಿಸಿ ಬರೆದು ಕ್ರಿಯೇಟ್ ಹೋಸ್ಟ್ ಪಾತ್‌ಗೆ ಫಾಲ್ಸ್ ಕೊಡಿ, ಆಗ ಫೋಲ್ಡರ್ ಇಲ್ಲದಿದ್ರೆ ಡಾಕರ್ ತಾನೇ ಮಾಡಿಕೊಡುವುದಿಲ್ಲ. ಆದ್ರೆ ಎಸ್‌ಎಸ್‌ಡಿಯ ಆ ಫೋಲ್ಡರ್ ಈಗ ಇದೆಯಲ್ಲ, ಅದು ಇರುವವರೆಗೆ ಫಾಲ್ಸ್ ಕೊಟ್ಟರೂ ಪ್ರಯೋಜನ ಇಲ್ಲ. ಕಂಟೇನರ್ ನಿಲ್ಲಿಸಿ, ಡಿಸ್ಕ್ ಅನ್‌ಮೌಂಟ್ ಮಾಡಿ, ಫೈಂಡ್‌ಎಂಎನ್‌ಟಿಯಲ್ಲಿ (ಎಂತೆಲ್ಲ ಮೌಂಟ್ ಆಗಿದೆ ಅಂತ ತೋರಿಸುವ ಕಮಾಂಡ್) ಎರಡು ಸಲ ನೋಡಿ, ಆ ಫೋಲ್ಡರಿನ ಹೆಸರು ಬದಲಿಸಿಡಿ. ಇವತ್ತೇ ಆರ್‌ಎಂ ಹೊಡೆದು ಅಳಿಸುವ ಧೈರ್ಯ ಬೇಡ.

ಐಸ್‌ಪ್ಲಾಂಟ್ ಲೆಕ್ಕದವ:
ಬಂತು! ಬಾಕಿ ಎಲ್ಲ ಉಂಟು. 31 ಬಿಲ್ ಹುಡುಗನ ಕೈಯಲ್ಲೇ ಮತ್ತೆ ಟೈಪ್ ಮಾಡಿಸಿದೆ, ಡಂಪ್ ನೋಡಿ ತಾಳೆ ಹಾಕಿದ್ದೂ ಆಯ್ತು. ಆ ಒಂದನೇ ನಂಬರಿನ ಬೋಟು ಇನ್ನೂ ಕಡಲಲ್ಲಿ ಉಂಟು. ಬಂದ ಮೇಲೆ ರಸೀದಿ ಬದಲಿಸಿ ಕೊಡಬೇಕು.