ನಲವತ್ತರ ಹತ್ತಿರ ಶಟಲ್ ಬ್ಯಾಡ್ಮಿಂಟನ್ ಕಲಿತವರು ಇದ್ದೀರಾ?

ನನಗೆ 38 ವರ್ಷ, ಇರೋದು ದಾವಣಗೆರೆಯಲ್ಲಿ. ಚಿಕ್ಕವಳಿದ್ದಾಗ ಮನೆ ಮುಂದಿನ ರಸ್ತೆಯಲ್ಲಿ ಶಟಲ್ ಆಡಿದ್ದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಈಗ ಮನೆ ಹತ್ತಿರವೇ ಇಂಡೋರ್ ಕೋರ್ಟ್ ಆಗಿದೆ. ಹತ್ತು ವರ್ಷದ ಮಗಳ ಜೊತೆ ನಾನೂ ಸೇರಬೇಕು ಅಂತ ಆಸೆ. ಯಾವ ಬ್ಯಾಟ್ ತಗೊಳ್ಳಲಿ, ಮೊದಲು ಏನು ಕಲಿಯಲಿ? ನಿಮ್ಮ ಅನುಭವ ಹೇಳಿ.

ಮೈಸೂರಿನಿಂದ

ಖಂಡಿತ ಸೇರಿಕೊಳ್ಳಿ. ನಾನು ಶುರು ಮಾಡಿದ್ದು 41ಕ್ಕೆ. ಬ್ಯಾಟ್ ವಿಷಯ ಆಮೇಲೆ, ಮೊದಲು ಅದನ್ನು ಹಿಡಿಯೋದು ಕಲಿಯಿರಿ.

ರಸ್ತೆಯಲ್ಲಿ ಆಡಿದವರೆಲ್ಲ ಬ್ಯಾಟನ್ನು ದೋಸೆ ಮಗುಚೋ ಕೈ ಹಿಡಿದ ಹಾಗೆ ಹಿಡಿಯುತ್ತೇವೆ. ತಂತಿ ಎದುರಿಗೆ, ಮುಷ್ಟಿ ಬಿಗಿ. ಮೆಲ್ಲಗೆ ಮುಂದೆ ಬಂದ ಕಾಕ್‌ಗೆ ಅದು ನಡೆಯುತ್ತದೆ. ಆದರೆ ತಲೆ ಮೇಲೆ ಬಂದದ್ದನ್ನು ಆ ಕಡೆಯ ಹಿಂದಿನ ಗೆರೆಗೆ ಕಳಿಸಬೇಕು ಅಂದಾಗ ಮುಂಗೈ ತಿರುಗುವುದೇ ಇಲ್ಲ. ಎರಡು ತಿಂಗಳು ನಾನು ಹಾಗೇ ಆಡಿದೆ. ಕಾಕ್ ದೂರ ಹೋಗಲಿಲ್ಲ ಅಂತ ಇನ್ನೂ ಜಾಸ್ತಿ ಬಲ ಹಾಕಿದೆ. ಮೊಣಕೈಯ ಹೊರಗಡೆ ನೋವು ಹಿಡಿದುಕೊಂಡಿತು. ಹಾಲಿನ ಪಾತ್ರೆ ಎತ್ತೋಕೂ ಆಗುತ್ತಿರಲಿಲ್ಲ. ಆರು ವಾರ ಕೋರ್ಟ್ ಕಡೆ ಹೋಗಲಿಲ್ಲ.

ಹಿಡಿಯೋದು ಹೀಗೆ. ಎಡಗೈಯಲ್ಲಿ ಬ್ಯಾಟಿನ ಕತ್ತು ಹಿಡಿದುಕೊಳ್ಳಿ. ತಂತಿ ಪಕ್ಕಕ್ಕೆ ಮುಖ ಮಾಡಿರಲಿ, ಅಂಚು ನೆಲದ ಕಡೆ ಇರಲಿ. ಈಗ ಅದರ ಹಿಡಿಗೆ ಬಲಗೈ ಕೊಟ್ಟು, ಯಾರಿಗೋ ಕೈಕುಲುಕುವ ಹಾಗೆ ಹಿಡಿಯಿರಿ. ಹೆಬ್ಬೆರಳು, ತೋರುಬೆರಳ ನಡುವಿನ ಸಂದು ಬ್ಯಾಟಿನ ಮೇಲಿನ ಅಂಚಿನ ನೇರಕ್ಕೆ ಬರಬೇಕು. ಬೆರಳು ಸಡಿಲ ಇರಲಿ, ಮಗಳು ಎಳೆದರೆ ಬ್ಯಾಟ್ ಜಾರಿ ಅವಳ ಕೈಗೆ ಹೋಗುವಷ್ಟು. ಕಾಕ್ ತಾಗುವಾಗ ಮಾತ್ರ ಬೆರಳು ಬಿಗಿ ಮಾಡಿ, ತಕ್ಷಣ ಬಿಡಿ. ಬ್ಯಾಕ್‌ಹ್ಯಾಂಡ್, ಅಂದರೆ ಕೈಯ ಹಿಂಬದಿ ಎದುರಿಗಿರುವ ಹಾಗೆ ಹೊಡೆಯುವಾಗ ಹೆಬ್ಬೆರಳನ್ನು ಹಿಡಿಯ ಅಗಲವಾದ ಮಗ್ಗುಲಿಗೆ ಚಪ್ಪಟೆಯಾಗಿ ಒತ್ತಿಕೊಳ್ಳಿ. ಇವೆರಡರ ನಡುವೆ ಬದಲಾಯಿಸೋದನ್ನು ನಾನು ಟೀವಿ ನೋಡುತ್ತಾ ಅಭ್ಯಾಸ ಮಾಡಿದೆ. ಕೈ ನೋಡದೆ ಬದಲಾಯಿಸೋಕೆ ಬಂದ ಮೇಲೆ ಆಟವೇ ಬೇರೆ ಆಯಿತು.

ಬ್ಯಾಟ್ 4ಯು ತಗೊಳ್ಳಿ, ಅಂದರೆ ತೂಕ 80ರಿಂದ 84 ಗ್ರಾಂ. ತಂತಿಯ ಬಿಗಿತ 20-22 ಪೌಂಡ್ ಸಾಕು. ತಂತಿ ಬಿಗಿ ಇದ್ದರೆ ಜೋರು ಬರುತ್ತದೆ ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಹೊಸಬರಿಗೆ ಅದರಿಂದಲೂ ಕೈ ನೋವು ಬರಬಹುದು.

ಬೆಂಗಳೂರಿನಿಂದ

ಬ್ಯಾಟಿಗಿಂತ ಮೊದಲು ಶೂ. ವಾಕಿಂಗ್ ಶೂ ಹಾಕಿಕೊಂಡು ಇಳಿಯಬೇಡಿ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ಹಾರಿದಾಗ ಪಾದ ಮಡಚುತ್ತದೆ. ನನ್ನ ಪಾದದ ಕೀಲು ಉಳುಕಿದ್ದು ಮೊದಲ ವಾರದಲ್ಲೇ. ಗಮ್ ಸೋಲ್ (ರಬ್ಬರ್ ಅಡಿ) ಇರುವ, ನೆಲಕ್ಕೆ ಗುರುತು ಬೀಳದ ನಾನ್ ಮಾರ್ಕಿಂಗ್ ಶೂ ಕೇಳಿ ತಗೊಳ್ಳಿ.

ಆಮೇಲೆ ಕಾಲು. ಹೊಡೆದ ತಕ್ಷಣ ಕೋರ್ಟಿನ ನಡುವಿಗೆ ವಾಪಸ್ ಬನ್ನಿ. ಎದುರಿನವರು ಹೊಡೆಯುವ ಹೊತ್ತಿಗೆ ಸರಿಯಾಗಿ ಒಂದು ಪುಟ್ಟ ಜಿಗಿತ ಹಾಕಿ, ನೆಲ ಬಿಟ್ಟೆವೋ ಇಲ್ಲವೋ ಅನ್ನುವಷ್ಟು. ಆಗ ಯಾವ ದಿಕ್ಕಿಗಾದರೂ ಹೊರಡಬಹುದು. ಹಿಂದೆ ಹೋಗುವಾಗ ಎದುರಿಗೇ ಮುಖ ಮಾಡಿ ಹಿಂದಡಿ ಇಡಬೇಡಿ, ಬಿದ್ದುಬಿಡುತ್ತೀರಿ. ಮೈ ಪಕ್ಕಕ್ಕೆ ತಿರುಗಿಸಿ ಹೋಗಿ. ನನಗೆ ಕೋಚ್ ಹದಿನೈದು ದಿನ ಕಾಕ್ ಇಲ್ಲದೆ ಬರೀ ಇದನ್ನೇ ಮಾಡಿಸಿದರು. ಆಗ ಬೇಜಾರಾಗಿತ್ತು, ಈಗ ಅವರಿಗೆ ಕೈ ಮುಗಿಯುತ್ತೇನೆ.

ಕೋರ್ಟ್ ಸಿಗದ ದಿನ ಬಿಡಬೇಡಿ, ಗೋಡೆಗೆ ಹೊಡೆಯಿರಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್ ಕೂಡ, ಹಾಗಾಗಿ ಅವರಿಗೂ ದಿನಾ ಕೋರ್ಟ್ ಸಿಗುತ್ತಿರಲಿಲ್ಲ. ಸಮಾರಂಭ ಇಲ್ಲ ಅಂತ ಗೊತ್ತಾದ ಮೇಲೇ ಶಾಲೆ ಮುಗಿಸಿ ಓಡಬೇಕಿತ್ತು.

ತುಮಕೂರಿನಿಂದ

ನಾನು ಶಾಲೆಯಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವನು. ಆ ಉಲ್ಲನ್ ಚೆಂಡು 27ರಿಂದ 30 ಗ್ರಾಂ, ಕಾಕ್ 5 ಗ್ರಾಂ ಆಸುಪಾಸು. ಚೆಂಡು ನಮ್ಮ ಕಡೆ ಬರುತ್ತಲೇ ಇರುತ್ತದೆ. ಕಾಕ್ ಹಾಗಲ್ಲ. ಜೋರಾಗಿ ಹೊರಟು ದಾರಿಯಲ್ಲೇ ನಿಧಾನವಾಗಿ ಬಿದ್ದುಬಿಡುತ್ತದೆ. ನಿಂತಲ್ಲೇ ಕಾಯೋ ಅಭ್ಯಾಸ ಬಿಡೋಕೆ ನನಗೆ ಬಹಳ ದಿನ ಹಿಡಿಯಿತು. ಕೈ ಎತ್ತಿ, ನಿಮ್ಮ ಮುಂದೆ, ಆದಷ್ಟು ಎತ್ತರದಲ್ಲೇ ಹೊಡೆಯಿರಿ.

ಸರ್ವ್ ಬಗ್ಗೆ ಒಂದು ಮಾತು. ಹೊಡೆಯುವಾಗ ಇಡೀ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗೆ ಇರಬೇಕು, 2018ರಿಂದ ಹೀಗೆ. ಮೊದಲು ಸೊಂಟದ ಲೆಕ್ಕ ಇತ್ತು, ಊರಲ್ಲಿ ಈಗಲೂ ಹಾಗೇ ಹೇಳುವವರಿದ್ದಾರೆ. ಕಾಕ್ ಗೆರೆಗೆ ತಾಗಿದರೂ ಒಳಗೇ.

ಮಂಗಳೂರಿನಿಂದ

ಕಲಿಯುವಾಗ ಗರಿಯ ಕಾಕ್ ಬೇಡ. 16 ಗರಿಯಲ್ಲಿ ಒಂದು ಮುರಿದರೂ ಅಡ್ಡಾದಿಡ್ಡಿ ಹೋಗುತ್ತದೆ, ದುಡ್ಡು ದಂಡ. ನೈಲಾನ್ ತಗೊಳ್ಳಿ. ಅದರಲ್ಲಿ ಹಸಿರು ಪಟ್ಟಿ ನಿಧಾನ, ನೀಲಿ ಮಧ್ಯಮ, ಕೆಂಪು ಜೋರು. ನಾನು ಇಲ್ಲಿಂದ ಬೆಂಗಳೂರಿಗೆ ಕಾಕ್ ಒಯ್ದಿದ್ದೆ. ಇಲ್ಲಿ ಗೆರೆ ಒಳಗೆ ಬೀಳುತ್ತಿದ್ದದ್ದು ಅಲ್ಲಿ ಆಚೆ ಹೋಗುತ್ತಿತ್ತು. ಎತ್ತರದ ಊರಲ್ಲಿ ಗಾಳಿ ತೆಳು ಅಲ್ವಾ? ನಿಮ್ಮ ಕೋರ್ಟಿನಲ್ಲಿ ಯಾವ ಬಣ್ಣ ಬಳಸುತ್ತಾರೆ ಅಂತ ಕೇಳಿ ತಗೊಳ್ಳಿ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಶೂ ತಂದಾಯಿತು. ನಿನ್ನೆ ರಾತ್ರಿ ಮಗಳಿಗೆ ಕೈಕುಲುಕುವ ಹಿಡಿತ ತೋರಿಸಿದೆ. ಅವಳೂ ದೋಸೆ ಮಗುಚೋ ಕೈ ಥರವೇ ಹಿಡಿಯುತ್ತಿದ್ದಳು. ಅವಳು ಎಡಗೈಯವಳು, ಎಲ್ಲವನ್ನೂ ತಿರುಗಿಸಿ ಹೇಳಬೇಕಾಯಿತು. ಎಡಗೈ ಮಕ್ಕಳಿಗೆ ಕಲಿಸಿದವರು ಯಾರಾದರೂ ಇದ್ದರೆ ಹೇಳಿ, ಸೋಮವಾರದಿಂದ ಕೋರ್ಟಿಗೆ ಹೋಗುತ್ತಿದ್ದೇವೆ.