ಪದಚರ್ಚೆ: ಬ್ಲೇಕ್‌ನ ‘ಚಾರ್ಟರ್ಡ್’ ಬೀದಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ‘ಲಂಡನ್’ ಪದ್ಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1794ರಲ್ಲಿ ಹೊರಬಂದ, ಬರೀ 16 ಸಾಲಿನ ಪದ್ಯ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಕವಿ ಅಲೆಯುವ ಬೀದಿಗಳೆಲ್ಲ ‘ಚಾರ್ಟರ್ಡ್’, ಹತ್ತಿರ ಹರಿಯುವ ಥೇಮ್ಸ್ ನದಿಯೂ ‘ಚಾರ್ಟರ್ಡ್’. ಚಾರ್ಟರ್ ಅಂದರೆ ದೊರೆಯೋ ಪಾರ್ಲಿಮೆಂಟೋ ಕೆಲವರಿಗೆ ಹಕ್ಕು, ಅಧಿಕಾರ ಬರೆದುಕೊಡುವ ಪತ್ರ. ಇದಕ್ಕೆ ನಮ್ಮಲ್ಲಿ ಯಾವ ಮಾತು ಹೊಂದುತ್ತದೆ?

ಬ್ಲೇಕ್‌ನ ಕೈಬರಹದ ಪುಸ್ತಕ ಉಳಿದಿದೆ. ಅದರಲ್ಲಿ ಅವನು ಮೊದಲು ಬರೆದದ್ದು ‘ಕೊಳಕು ಬೀದಿ’, ‘ಕೊಳಕು ಥೇಮ್ಸ್’ ಅಂತ. ಆಮೇಲೆ ಎರಡನ್ನೂ ಬದಲಾಯಿಸಿದ. ಇಡೀ ಪದ್ಯ ನಿಂತಿರುವುದೇ ಈ ತಿದ್ದುಪಡಿಯ ಮೇಲೆ ಅನಿಸುತ್ತದೆ ನನಗೆ. ಕೊಳಕು ಅಂದರೆ ಯಾರ ಮೇಲೂ ತಪ್ಪು ಹೊರಿಸಿದ ಹಾಗಾಗುವುದಿಲ್ಲ. ಊರು ಬೆಳೆಯಿತು, ಕಲ್ಲಿದ್ದಲ ಹೊಗೆ ಜಾಸ್ತಿಯಾಯಿತು, ಗಲೀಜಾಯಿತು, ಅಷ್ಟೆ. ‘ಚಾರ್ಟರ್ಡ್’ ಅಂದ ಕೂಡಲೇ ಒಂದು ಕಾಗದ ಎದುರಿಗೆ ಬರುತ್ತದೆ. ಅದಕ್ಕೆ ಮುದ್ರೆ ಒತ್ತಿದವನು, ಅದರಿಂದ ಲಾಭ ಮಾಡಿಕೊಂಡವನು ಇಬ್ಬರೂ ಬರುತ್ತಾರೆ.

ಇದು ಸುಮ್ನೆ ಕವಿಯ ಕಲ್ಪನೆಯಲ್ಲ. 1197ರಲ್ಲೇ ಒಂದನೇ ರಿಚರ್ಡ್ ದೊರೆ ದುಡ್ಡು ತೆಗೆದುಕೊಂಡು ಥೇಮ್ಸ್ ಮೇಲಿನ ಅಧಿಕಾರವನ್ನು ಲಂಡನ್ ನಗರಾಡಳಿತಕ್ಕೆ ಬರೆದುಕೊಟ್ಟಿದ್ದ. ಈಸ್ಟ್ ಇಂಡಿಯಾ ಕಂಪನಿ ನಡೆಯುತ್ತಿದ್ದದ್ದೂ ಚಾರ್ಟರ್ ಮೇಲೆಯೇ. ಪದ್ಯ ಬರುವ ಹಿಂದಿನ ವರ್ಷ, 1793ರಲ್ಲಿ, ಪಾರ್ಲಿಮೆಂಟು ಅದನ್ನು ಇನ್ನೂ 20 ವರ್ಷಕ್ಕೆ ಮುಂದುವರಿಸಿತು. ಲಂಡನ್ನಿನ ದೊಡ್ಡವರಿಗೆ ಚಾರ್ಟರ್ ಅಂದರೆ ಹೆಮ್ಮೆ. ಅದೇ ಕಾಲದ ರಾಜಕೀಯ ಬರಹಗಾರ ಥಾಮಸ್ ಪೇನ್ ‘ರೈಟ್ಸ್ ಆಫ್ ಮ್ಯಾನ್’ ಪುಸ್ತಕದಲ್ಲಿ ಆ ಹೆಮ್ಮೆಗೇ ಕೈಹಾಕಿದ್ದ. ಚಾರ್ಟರ್ ಹಕ್ಕು ಕೊಡುತ್ತದೆ ಅನ್ನುವುದೇ ತಪ್ಪು, ಅದು ಹಕ್ಕನ್ನು ಕಿತ್ತುಕೊಳ್ಳುತ್ತದೆ ಅನ್ನುವುದು ಅವನ ವಾದ. ಕೆಲವರಿಗೆ ಬರೆದುಕೊಟ್ಟದ್ದು ಉಳಿದವರೆಲ್ಲರಿಂದ ತೆಗೆದದ್ದೇ ಅಲ್ವಾ?

ಈಗ ನಮ್ಮ ಪದಗಳು. ನಿಘಂಟು ‘ಸನ್ನದು’ ಅನ್ನುತ್ತದೆ. ಅರ್ಥ ಸರಿ, ಗತ್ತೂ ಇದೆ. ಆದರೆ ಅದರಲ್ಲಿ ಗೌರವವೇ ಜಾಸ್ತಿ, ಕಿತ್ತುಕೊಂಡದ್ದು ಕೇಳಿಸುವುದಿಲ್ಲ. ‘ಹಕ್ಕುಪತ್ರ’ ಇನ್ನೂ ದೂರ. ಈಗ ಅದು ಬಡವರ ಕೈಗೆ ಬರುವ ಒಳ್ಳೆಯ ಕಾಗದ. ‘ಗುತ್ತಿಗೆ’ಯಲ್ಲಿ ಕಹಿ ಇದೆ ನಿಜ, ಆದರೆ ಗುತ್ತಿಗೆಗೆ ಒಂದು ದಿನ ಅವಧಿ ಮುಗಿಯುತ್ತದೆ. ನನ್ನ ಮನಸ್ಸು ಒಲಿದಿರುವುದು ‘ಬರೆಸಿಕೊಂಡ’ ಕಡೆಗೆ. ಜಗಳದಲ್ಲಿ ‘ಈ ಜಾಗ ಏನು ನಿನ್ನ ಹೆಸರಿಗೆ ಬರೆಸಿಕೊಂಡಿದ್ದೀಯಾ?’ ಅನ್ನುತ್ತೇವಲ್ಲ, ಆ ದನಿ ನನಗೆ ಬೇಕು. ‘ಬರೆಸಿಕೊಂಡ ಬೀದಿಗಳಲ್ಲಿ ಅಲೆಯುತ್ತೇನೆ, ಬರೆಸಿಕೊಂಡ ಥೇಮ್ಸ್ ಹರಿಯುವಲ್ಲಿ.’ ತೊಂದರೆ ಒಂದೇ. ಬರೆಸಿಕೊಂಡವರು ಯಾರು ಅನ್ನುವುದು ಬಿಟ್ಟುಹೋಗಿ, ಬೀದಿಯೇ ಏನೋ ಬರೆಸಿಕೊಂಡಿತು ಅಂತ ಓದಿಕೊಳ್ಳಬಹುದು. ‘ಉಳ್ಳವರು ಬರೆಸಿಕೊಂಡ’ ಅಂದರೆ ಗೊಂದಲವಿಲ್ಲ, ಆದರೆ ಬ್ಲೇಕ್ ಹೇಳದೆ ಬಿಟ್ಟದ್ದನ್ನು ನಾನು ಹೇಳಿದ ಹಾಗಾಯಿತು.

ಎರಡನೇ ಚರಣದ ಕೊನೆಯಲ್ಲಿ ಇದಕ್ಕಿಂತ ನಾಜೂಕಾದ ಜಾಗ ಬರುತ್ತದೆ. ಗಂಡಸರ ಕೂಗು, ಎಳೆಗೂಸಿನ ಅಳು, ಎಲ್ಲದರಲ್ಲೂ ಅವನಿಗೆ ಕೇಳಿಸುವುದು ಮನಸ್ಸು ಬಡಿದು ಮಾಡಿದ ಕೈಕೋಳದ ಸದ್ದು. ‘ಸಂಕೋಲೆ’ ಅನ್ನುವವರಿದ್ದಾರೆ. ಮೂಲದಲ್ಲಿರುವುದು ಕೈಗೆ ಹಾಕುವ ಬೇಡಿ, ಹಾಗಾಗಿ ಕೈಕೋಳವೇ ಸರಿ. ಕುಲುಮೆಯಲ್ಲಿ ಕಬ್ಬಿಣ ಬಡಿಯುವುದೂ ಆ ಮಾತಲ್ಲೇ ಇದೆ, ಅದನ್ನು ಬಿಡಬಾರದು. ಆದರೆ ಯಾರ ಮನಸ್ಸು? ಬಂಧಿಸಿದವರದೋ, ಬಂಧನದಲ್ಲಿ ಇರುವವರದೋ? ಮೂಲ ಹೇಳುವುದಿಲ್ಲ. ‘ತಮ್ಮ ಮನಸ್ಸೇ ಬಡಿದ ಕೈಕೋಳ’ ಅಂತ ಬರೆದರೆ ತಪ್ಪೆಲ್ಲ ನೊಂದವರ ತಲೆಗೇ ಬೀಳುತ್ತದೆ. ಮೊದಲ ಸಾಲಲ್ಲೇ ಚಾರ್ಟರ್ ಹೆಸರೆತ್ತಿದ ಕವಿ ಅಷ್ಟು ಸುಲಭವಾಗಿ ಬಡವರನ್ನು ದೂರುವವನಲ್ಲ. ಅದಕ್ಕೇ ‘ಮನಸ್ಸು ಬಡಿದ ಕೈಕೋಳ’ ಅಂತ ಬಿಟ್ಟಿದ್ದೇನೆ.

ಮೊದಲ ಚರಣದ ‘ಮಾರ್ಕ್’ ಕಷ್ಟ ಕೊಡಲಿಲ್ಲ. ಅಲ್ಲಿ ಕ್ರಿಯಾಪದವೂ ನಾಮಪದವೂ ಅದೇ, ನಮ್ಮಲ್ಲಿ ಗುರುತಿಸು, ಗುರುತು.

ಚಿಮಣಿ ಗುಡಿಸುವ ಹುಡುಗನ ‘ಕ್ರೈ’ ಮಾತ್ರ ಕೈಗೆ ಸಿಗುತ್ತಿಲ್ಲ. 8 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಬಾರದು ಅಂತ 1788ರಲ್ಲೇ ಕಾನೂನು ಬಂದಿತ್ತು, ಪಾಲಿಸಿದವರು ಕಡಿಮೆ. ಮಕ್ಕಳು ಬೆಳಗಾಗೆದ್ದು ‘ಸ್ವೀಪ್, ಸ್ವೀಪ್’ ಅಂತ ಬೀದಿಯಲ್ಲಿ ಕೂಗಿಕೊಂಡು ಹೋಗಬೇಕಿತ್ತು. ಬ್ಲೇಕ್‌ನದೇ 1789ರ ಇನ್ನೊಂದು ಪದ್ಯದಲ್ಲಿ ನಾಲಗೆ ತಿರುಗದ ಮಗುವಿನ ಬಾಯಲ್ಲಿ ಅದು ‘ವೀಪ್’ ಆಗುತ್ತದೆ, ಅಂದರೆ ಅಳು. ‘ಕೂಗು’ ಅಂದರೆ ಕಸುಬಿನ ಕರೆ ಸಿಗುತ್ತದೆ, ಕಣ್ಣೀರು ಹೋಗುತ್ತದೆ. ‘ಅಳು’ ಅಂದರೆ ಬರೀ ಕರುಣೆ ಉಳಿಯುತ್ತದೆ, ಕೂಲಿ ಮರೆಯಾಗುತ್ತದೆ. ಒಂದನ್ನು ಬಿಡಲೇಬೇಕಾದರೆ ನಾನು ಅಳುವನ್ನು ಬಿಡುತ್ತೇನೆ. ಆ ಮಗು ದುಡಿಯುತ್ತಿತ್ತು ಅನ್ನುವುದು ಮುಖ್ಯ.

ಕೊನೆಯದು ‘ಬ್ಯಾನ್’. ನಿಷೇಧ, ಶಾಪ, ಚರ್ಚಿನಲ್ಲಿ ಓದುವ ಮದುವೆಯ ಪ್ರಕಟಣೆ, ಮೂರೂ ಅದರಲ್ಲಿ ಕೇಳಿಸುತ್ತವೆ. ಪದ್ಯ ಮುಗಿಯುವುದು ‘ಮದುವೆಯ ಹೆಣದ ಬಂಡಿ’ ಅನ್ನುವ ಮಾತಿನಲ್ಲಿ, ಹಾಗಾಗಿ ಮೂರನೆಯದನ್ನು ಬಿಡುವ ಹಾಗಿಲ್ಲ. ‘ಕಟ್ಟು’ ಅಂತ ಹಾಕಿ ನೋಡಿದೆ. ಕಟ್ಟುಪಾಡೂ ಬರುತ್ತದೆ, ಕಟ್ಟಿಕೊಂಡ ಹೆಂಡತಿಯೂ ನೆನಪಾಗುತ್ತಾಳೆ. ಶಾಪ ಬರುವುದಿಲ್ಲ. ಮೂರನ್ನೂ ಹಿಡಿಯುವ ಪದ ನಿಮಗೆ ಗೊತ್ತಾ? ಹಾಗೇ, ‘ಬರೆಸಿಕೊಂಡ ಬೀದಿ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ತಿಳಿಸಿ.